ಹೋಳಿ ಹುಣ್ಣಿವಿಯಿಂದ ಗೌರಿ ಹುಣ್ಣಿವಿಗೆ

ಎಳ್ಳ ಅಮವಾಸ್ಯೆಯ ಹಿಂದಿನ ಸಂಜೆ ಕಟಕೋಳದ ನಮ್ಮ ತವರುಮನೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುವುದು ಈಗಲೂ ತಪ್ಪಿಲ್ಲ. ಒಳಗೆ ಗ್ಯಾಸು ಬಂದು ಎಷ್ಟೋ ವರ್ಷವಾಯಿತು. ಆದರೂ ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿ ಕಟ್ಟಿಗೆಯ ಉರಿಯ ಮೇಲೆಯೇ ಆಗಬೇಕು. ಹೋದ ಸಲ ಅಕ್ಕ ರೊಟ್ಟಿ ತಟ್ಟುತ್ತಿದ್ದಳು, ನಾನು ಉರಿ ನೋಡಿಕೊಳ್ಳುತ್ತಿದ್ದೆ. ಅಕ್ಕನ ಮಗಳು ನನ್ನ ಪಕ್ಕ ಮಣೆ ಹಾಕಿಕೊಂಡು ಕುಳಿತಿದ್ದಳು. ಏಳು ತಿಂಗಳ ಬಸುರಿ. ಸೋದರಮಾವ ಕುಬಸ ಮಾಡಬೇಕೆಂದು ಧಾರವಾಡದಿಂದ ಕರೆಸಿದ್ದ. ಕೈತುಂಬ ಹಸಿರು ಬಳೆ. ಉರಿ ಜೋರಾದಾಗ ಹಿಂದೆ ಸರಿಯುವಳು, ಇಳಿದಾಗ ಅಂಗೈ ಚಾಚುವಳು. ಹಾಗೆ ಅಂಗೈ ಚಾಚಿದಾಗಲೇ ಒಮ್ಮೆ ಕೇಳಿದಳು.

“ಚಿಗವ್ವಾ, ಮೊನ್ನಿ ದವಾಖಾನ್ಯಾಗ ನಾ ಎಂಟ ತಿಂಗಳಕ್ಕ ಹುಟ್ಟಿದಾಕಿ ಅಂತ ಹೇಳಿದ್ನಿ. ಡಾಕ್ಟರ್ ಬಾಯಾರು ಅದನ್ನ ಕಾರ್ಡಿನ್ಯಾಗ ಬರಕೊಂಡ್ರು. ಯಾಕ ಬರಕೊಂಡ್ರು? ನನಗೂ ಹಂಗ ಆಕ್ಕೈತೇನು?”

ರೊಟ್ಟಿ ತಟ್ಟುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಕ್ಕ ತಲೆ ಎತ್ತಲಿಲ್ಲ. ಮಗಳು ಹುಟ್ಟಿದ ರಾತ್ರಿಯ ಮಾತನ್ನು ಇಪ್ಪತ್ತೇಳು ವರ್ಷದಲ್ಲಿ ಅವಳು ಒಮ್ಮೆಯೂ ಬಾಯಿಗೆ ತಂದವಳಲ್ಲ. ನಾನೂ ತಂದಿರಲಿಲ್ಲ, ನನಗೆ ನನ್ನದೇ ಒಂದು ಕಾರಣವಿತ್ತು. ಆದರೆ ಕೇಳಿದವಳು ಅದೇ ಕೂಸು, ಈಗ ಹೊಟ್ಟೆಯಲ್ಲಿ ಇನ್ನೊಂದು ಕೂಸನ್ನಿಟ್ಟುಕೊಂಡು ಕುಳಿತಿದ್ದಾಳೆ. ಹೇಳದೆ ಇರುವುದು ಹೇಗೆ? ಒಲೆಗೆ ಎರಡು ಕಟ್ಟಿಗೆ ಮುಂದೊತ್ತಿ ಹೇಳತೊಡಗಿದೆ.

ಅದು 1997. ನನಗೆ ಹದಿನೇಳು, ಅಕ್ಕನಿಗೆ ಇಪ್ಪತ್ತು. ಅವಳನ್ನು ಸವದತ್ತಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು. ದಿನ ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಅಕ್ಕ ಹೇಳುತ್ತಿದ್ದುದು ಒಂದೇ: “ಹೋಳಿ ಹುಣ್ಣಿವಿ ದಿನ ಹೊರಗಾಗಿದ್ನಿ. ಹೋಳಿಗಿ ಮಾಡಾಕ ಅಡಗಿಮನಿಗೆ ಹೋಗಿದ್ದಿಲ್ಲ. ಆಮ್ಯಾಲೆ ಕುಂತಿಲ್ಲ.” ನಮ್ಮ ಕಡೆಯ ಹೆಂಗಸರಿಗೆ ತಾರೀಖು ನೆನಪಿರುವುದು ಕಡಿಮೆ, ಹಬ್ಬ ಮರೆಯುವುದಿಲ್ಲ. ಪಂಚಮಿಗೆ ಜೋಕಾಲಿ ಆಡಿದೆನೋ ಇಲ್ಲವೋ, ಗೊಡಚಿ ಜಾತ್ರೆಗೆ ಹೋದೆನೋ ಇಲ್ಲವೋ, ಅದರ ಮೇಲೆ ಲೆಕ್ಕ. ಆ ಲೆಕ್ಕವನ್ನು ಕಡೆಗಣಿಸಬಾರದೆಂದು ಮುಂದೆ ನನ್ನ ಕೆಲಸವೇ ನನಗೆ ಕಲಿಸಿತು.

ಆ ವರ್ಷ ಸೆಪ್ಟೆಂಬರ್ 16ರ ರಾತ್ರಿ ಖಗ್ರಾಸ ಚಂದ್ರಗ್ರಹಣ. ನಡುರಾತ್ರಿಯ ಹೊತ್ತಿಗೆ ಚಂದ್ರ ಪೂರಾ ಕೆಂಪಾಗಿದ್ದ. ಬಸುರಿಯನ್ನು ನಡುಮನೆಯಲ್ಲಿ ಮಲಗಿಸಿ ಬಾಗಿಲಿಗೆ ಅಗುಳಿ ಹಾಕಿದ್ದರು. ಅಕ್ಕ ಎರಡು ಸಲ ಎದ್ದು, ಅಗುಳಿ ಸರಿಸಿ, ಹಿತ್ತಲಿಗೆ ಹೋಗಿಬಂದಳು. ಅತ್ತೆ ನೋಡಿದರು. ಅವರಿಗೆ ಅಷ್ಟು ಸಾಕಾಯಿತು.

ಶೀಗಿ ಹುಣ್ಣಿವಿ ದಾಟಿದ ಮೇಲೆ ಕುಬಸ ಮಾಡಿ ಅಕ್ಕನನ್ನು ಕಟಕೋಳಕ್ಕೆ ಕರೆತಂದೆವು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿದೆವು. ಎರಡನೆಯ ಬಸ್ಸಿನಲ್ಲಿ ಹಿಂದಿನ ಸೀಟೇ ಸಿಕ್ಕಿತು. ರಸ್ತೆ ಹೇಗಿತ್ತೆಂದರೆ ಪ್ರತಿ ತಗ್ಗಿಗೂ ಅಕ್ಕ ನನ್ನ ಮೊಣಕೈ ಹಿಡಿಯುತ್ತಿದ್ದಳು. ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ, ಬಚ್ಚಲಲ್ಲಿ ನಾನು ಅವಳ ಬೆನ್ನು ತಿಕ್ಕುವಾಗ ಸಣ್ಣ ದನಿಯಲ್ಲಿ ಹೇಳಿದಳು: “ಕಾಲ್ಮಡಿಗೆ ಹೋದಾಗೊಮ್ಮೆ ಉರಿತೈತಿ. ಗ್ರಹಣಕ್ಕಿಂತ ಮೊದಲಿಂದನೂ ಐತಿ. ಘಳಿಗಿಗೊಮ್ಮೆ ಹೋಗಬೇಕನಸ್ತೈತಿ. ಅವತ್ತ ರಾತ್ರಿ ಅದಕ್ಕ ಎದ್ದಿದ್ನಿ. ಯಾರ ಮುಂದೂ ಅನಬ್ಯಾಡ, ಗ್ರಹಣದಾಗ ಹೊರಗ ಬಂದಿದ್ದಕ್ಕ ಹಿಂಗಾತು ಅಂತಾರ.”

ನಾನು ಯಾರ ಮುಂದೂ ಅನ್ನಲಿಲ್ಲ. ಅಕ್ಕ ಹೇಳಬೇಡ ಎಂದಿದ್ದಳು, ನಾನು ಒಳ್ಳೆಯ ತಂಗಿಯಾಗಿದ್ದೆ. ಜೀರಿಗೆ ನೀರು ಕುದಿಸಿ ಕೊಟ್ಟೆ. ಮರುದಿನ ಕೇಳಿದೆ, ಕಡಿಮೆಯಾಗಿದೆ ಎಂದಳು. ಅದನ್ನೇ ನಂಬಿ ಮರೆತುಬಿಟ್ಟೆ.

ದೀಪಾವಳಿ ಆಗಿ ಗೌರಿ ಹುಣ್ಣಿವಿ ಬಂತು. ನಮ್ಮ ಕಡೆ ಅದು ಹುಡುಗಿಯರ ಹಬ್ಬ. ಸಕ್ಕರೆಯ ಆನೆ, ಕುದುರೆ, ತೇರು, ಬಸವಣ್ಣಗಳನ್ನು ತಾಟಿನಲ್ಲಿ ಜೋಡಿಸಿ, ನಡುವೆ ದೀಪ ಇಟ್ಟು, ಹಾಡುತ್ತ ಗುಡಿಗೆ ಹೋಗುವುದು. ನನ್ನ ತಾಟಿನಲ್ಲಿ ಒಂದು ಗುಲಾಬಿ ಬಣ್ಣದ ತೇರಿತ್ತು. ಅಕ್ಕ ಅದನ್ನು ಸರಿಯಾಗಿ ನಿಲ್ಲಿಸಲೆಂದು ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು. ಹೊಸ್ತಿಲ ಮೇಲೆಲ್ಲ ನೀರು. ಅವ್ವ ಬಂದು ನೋಡಿದಳು, ಕೆಳಗೆ ನೋಡಿದಳು, “ಇನ್ನ ದಿನಾ ತುಂಬಿಲ್ಲಲ್ಲೋ ಯಪ್ಪಾ” ಎಂದು ಅಲ್ಲೇ ಕುಸಿದಳು. ಆರತಿಯ ದೀಪ ನನ್ನ ಕೈಯಲ್ಲೇ ಉರಿಯುತ್ತಿತ್ತು. ತೇರಿನ ಒಂದು ಗಾಲಿ ಒದ್ದೆಯಾಗಿ ಕರಗಿದ್ದು ಈಗಲೂ ಕಣ್ಣ ಮುಂದಿದೆ.

ಆಗ 108 ಇರಲಿಲ್ಲ; ಅದು ಕರ್ನಾಟಕಕ್ಕೆ ಬಂದದ್ದು 2008ರ ರಾಜ್ಯೋತ್ಸವದ ದಿನ. ಆಶಾ ಕಾರ್ಯಕರ್ತೆ ಎಂಬ ಮಾತೂ ಹುಟ್ಟಿರಲಿಲ್ಲ. ಓಣಿಯ ಸೂಲಗಿತ್ತಿ ಬಂದಳು. ಬೇನೆ ರಾತ್ರಿಯಿಡೀ ಬಂದು ಬಂದು ಹೋದವು. ಅಕ್ಕನ ಮೈ ಸುಡುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಬೆಳಗಿನ ಜಾವ ನೀನು ಹುಟ್ಟಿದೆ.

ಹುಟ್ಟಿದಾಗ ನೀನು ಅಳಲಿಲ್ಲ. ಬೆಕ್ಕಿನ ಮರಿ ದೂರದಲ್ಲೆಲ್ಲೋ ಕೂಗಿದ ಹಾಗೆ ಒಂದು ಸದ್ದು, ಅಷ್ಟೇ. ಚಿಮಣಿಯ ಬೆಳಕಿನಲ್ಲಿ ನಾನು ನಿನ್ನನ್ನು ನೋಡಿದೆ. ಮೈ ಕೆಂಪಗೆ, ಚರ್ಮದ ಕೆಳಗಿನ ನರ ಕಾಣುವಷ್ಟು ತೆಳ್ಳಗೆ. ಹೆಗಲ ಮೇಲೆ ನವಿರಾದ ಕೂದಲು. ಅಂಗಾಲು ನುಣ್ಣಗಿತ್ತು, ಬೆರಳ ಬುಡದಲ್ಲಿ ಒಂದೆರಡು ಗೆರೆ ಬಿಟ್ಟರೆ ಮತ್ತೇನೂ ಇಲ್ಲ. ಬಟ್ಟೆ ಸರಿಸುವಾಗ ನಿನ್ನ ಕಿವಿ ಮಡಚಿಕೊಂಡಿತು. ಬಿಟ್ಟರೂ ಅದು ಎದ್ದು ನಿಲ್ಲಲಿಲ್ಲ, ತೊಯ್ದ ಎಲೆಯ ಹಾಗೆ ಮಡಚಿಕೊಂಡೇ ಉಳಿಯಿತು. ನಾನು ಬೆರಳ ತುದಿಯಿಂದ ನಿಧಾನ ಬಿಡಿಸಿದೆ. ಅಂಗಾಲಿನ ಗೆರೆ, ಕಿವಿಯ ಮೃದ್ವಸ್ಥಿ, ಹೆಗಲ ನವಿರು, ಇವನ್ನೆಲ್ಲ ನೋಡಿಯೇ ಕೂಸು ಎಷ್ಟು ವಾರದ್ದೆಂದು ವೈದ್ಯರು ಅಂದಾಜು ಹಾಕುತ್ತಾರೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಹೋಳಿಯಿಂದ ಗೌರಿಗೆ ಎಂಟು ಹುಣ್ಣಿವೆ. 33 ವಾರ, ಮೇಲೆ ನಾಲ್ಕೋ ಐದೋ ದಿನ. ನಿನ್ನ ಕಿವಿಯೂ ಅಂಗಾಲೂ ಅದನ್ನೇ ಹೇಳುತ್ತಿದ್ದವು. ಅಕ್ಕನ ಲೆಕ್ಕ ತಪ್ಪಿರಲಿಲ್ಲ.

ಆ ಹೊತ್ತಿಗೆ ಪಡಸಾಲೆಯಲ್ಲಿ ಕುಳಿತ ಹಿರಿಯರ ಬಾಯಲ್ಲಿ ಇದ್ದದ್ದು ಬೇರೆ ಲೆಕ್ಕ. “ಏಳರಾಗ ಹುಟ್ಟಿದ್ರ ಉಳೀತಿತ್ತು. ಎಂಟರಾಗ ಹುಟ್ಟೈತಿ, ಉಳಿಯಂಗಿಲ್ಲ.” ಈ ಮಾತು ಬರೀ ನಮ್ಮ ಓಣಿಯದಲ್ಲ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಕೂಸಿಗೂ ನಡುವೆ ಓಡಾಡುತ್ತಿರುತ್ತದೆ, ಆಗ ಹುಟ್ಟುವುದು ಕೇಡು ಎಂದು ಚರಕ ಸಂಹಿತೆಯಲ್ಲಿದೆ. ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಗ್ರಂಥಗಳಲ್ಲಿ ಎಂಟು ತಿಂಗಳ ಕೂಸಿನ ಮೇಲೆಯೇ ಒಂದು ಬರಹವಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ನಂಬಿಕೆ, ಮತ್ತು ಪೂರಾ ತಪ್ಪು. ಹೊಟ್ಟೆಯಲ್ಲಿ ಕೂಸು ಕಳೆಯುವ ಒಂದೊಂದು ವಾರವೂ ಅದರ ಪುಪ್ಪುಸಕ್ಕೆ, ಮಿದುಳಿಗೆ, ಹಾಲು ಚೀಪುವ ಶಕ್ತಿಗೆ ಕೂಡುತ್ತಲೇ ಹೋಗುತ್ತದೆ. ಎಂಟರದು ಏಳರದಕ್ಕಿಂತ ಗಟ್ಟಿ, ಯಾವತ್ತೂ.

ತಪ್ಪು ನಂಬಿಕೆ ಸುಮ್ಮನೆ ಕುಳಿತಿರುವುದಿಲ್ಲ, ಕೆಲಸ ಮಾಡುತ್ತದೆ. ಬೆಳಗಾದ ಮೇಲೆ ಊರಿನ ನರ್ಸಬಾಯಿ ಬಂದು ನೋಡಿ, ಕೂಸನ್ನೂ ತಾಯಿಯನ್ನೂ ಈಗಿಂದೀಗ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಅಪ್ಪ ಜೀಪು ಕೇಳಲು ಎದ್ದ. ನಮ್ಮವರೇ ಒಬ್ಬರು ಅವನ ತೋಳು ಹಿಡಿದು ಕೂರಿಸಿದರು: “ಉಳಿಯದ ಕೂಸಿಗೆ ಯಾಕ ರೊಕ್ಕಾ ಹಾಕ್ತಿ?” ಅಪ್ಪ ಕುಳಿತುಬಿಟ್ಟ. ಅವನನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಆ ವರ್ಷ ಹತ್ತಿ ಮಾರಿದ ದುಡ್ಡು ಕುಬಸಕ್ಕೇ ಮುಗಿದಿತ್ತು. ಆದರೆ ನೀನು ಏಳು ತಿಂಗಳಿಗೆ ಹುಟ್ಟಿದ್ದರೆ ಅವನು ಸಾಲ ಮಾಡಿಯಾದರೂ ಹೋಗುತ್ತಿದ್ದ. ಇದನ್ನು ಹೇಳುವಾಗಲೂ ನನ್ನ ಎದೆ ಉರಿಯುತ್ತದೆ. ನರ್ಸಬಾಯಿ ಅಕ್ಕನಿಗೆ ಸೂಜಿ ಮಾಡಿ, ಜ್ವರದ ಗುಳಿಗೆ, ಐದು ದಿನದ ಇನ್ನೊಂದು ಗುಳಿಗೆ ಕೊಟ್ಟು, ನಿನ್ನನ್ನು ಬಟ್ಟೆಯಲ್ಲಿ ಕಟ್ಟಿ ತೂಗುತಕ್ಕಡಿಗೆ ಹಾಕಿದರು. ಒಂದು ಕಿಲೋ ಏಳು ನೂರು.

ಬಾಣಂತಿ ಕೋಣೆ ಹೇಗಿರುತ್ತದೆಂದು ನಿನಗೆ ಗೊತ್ತು. ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಅದರಲ್ಲಿ ಕುಳ್ಳಿನ ಕೆಂಡ, ಮೇಲೆ ಅಜವಾನ, ಲೋಬಾನ. ಕಿಟಕಿಗೆ ಗೋಣಿಚೀಲ. ಕೂಸಿಗೆ ಕಾವು ಬೇಕೆಂದು ಕೆಂಡ ಹೆಚ್ಚು ಮಾಡಿದ್ದರು, ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ನೀನು ಉಸಿರು ಹಿಡಿದು ಹಿಡಿದು ಬಿಡುತ್ತಿದ್ದೆ, ತುಟಿ ನೀಲಿಗೆ ತಿರುಗುತ್ತಿತ್ತು. ಆಗ ಆಯಿ ಒಳಗೆ ಬಂದಳು. ನಿನ್ನ ಮುತ್ತಜ್ಜಿ. ಹನ್ನೊಂದು ಹೆತ್ತು ಆರನ್ನು ಉಳಿಸಿಕೊಂಡವಳು. ಹಿರಿಯರು ಹೇಳುತ್ತಿದ್ದುದನ್ನು ಅವಳೂ ಕೇಳಿಸಿಕೊಂಡಿದ್ದಳು. ನಿನ್ನ ಅಂಗಾಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಅಂದಳು: “ತಿಂಗಳಾ ಎಣಸಾಕ ನನಗ ಬರಂಗಿಲ್ಲ. ಕಾಲು ತಣ್ಣಗಾಗೈತಿ, ಇದು ತಿಳೀತೈತಿ. ಮದಲ ಈ ಹೊಗಿ ಹೊರಗ ಒಗೀರಿ.”

ಅಗ್ಗಿಷ್ಟಿಗೆ ಅಂಗಳಕ್ಕೆ ಹೋಯಿತು. ಅಪ್ಪ ಆ ಕೆಂಡದ ಮುಂದೆ ಕುಳಿತೇ ಹಗಲು ಕಳೆದ. ಆಯಿ ಗೋಡೆಗೆ ಒರಗಿ ಕುಳಿತು, ತನ್ನ ಕುಬಸದ ಗಂಟು ಬಿಚ್ಚಿ, ನಿನ್ನನ್ನು ಬರಿಮೈಯಲ್ಲಿ ಎದೆಯ ನಡುವೆ ಇಟ್ಟುಕೊಂಡು ಮತ್ತೆ ಗಂಟು ಹಾಕಿದಳು. ಮೇಲೆ ಸೆರಗು, ಅದರ ಮೇಲೆ ಕೌದಿ. ನಿನ್ನ ತಲೆಗೆ ನನ್ನ ಹಳೇ ಲಂಗದ ತುಂಡಿನ ಕುಲಾಯಿ. ಅಕ್ಕನ ಜ್ವರ ಇಳಿಯುವ ತನಕ ಆಯಿ, ಇಳಿದ ಮೇಲೆ ಅಕ್ಕ, ನಡುವೆ ಅವ್ವ, ಒಮ್ಮೊಮ್ಮೆ ನಾನು. ನೀನು ಚೀಪುತ್ತಿರಲಿಲ್ಲ; ಅಕ್ಕನ ಹಾಲು ಬಟ್ಟಲಿಗೆ ಹಿಂಡಿ, ಹತ್ತಿಯ ಬತ್ತಿ ಅದ್ದಿ, ತುಟಿಯ ಮೂಲೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದೆವು. ಒಂದು ಬಟ್ಟಲು ಮುಗಿಯಲು ಅರ್ಧ ತಾಸು ಬೇಕು. ನನ್ನ ಸರದಿಯಲ್ಲಿ ನಿನ್ನ ಎದೆಬಡಿತ ನನ್ನ ಎದೆಗೆ ತಾಗುತ್ತಿತ್ತು, ಗುಬ್ಬಿಯನ್ನು ಅಂಗೈಯಲ್ಲಿ ಹಿಡಿದಾಗ ಬಡಿಯುತ್ತದಲ್ಲ, ಹಾಗೆ. ಇಪ್ಪತ್ತೊಂದು ದಿನ ಮನೆಯ ನಾಲ್ಕು ಹೆಂಗಸರ ಎದೆಯ ಮೇಲೆ ನೀನು ಬೆಳೆದೆ. ಇಪ್ಪತ್ತೆರಡನೆಯ ದಿನ ಎದೆಹಾಲಿಗೆ ಬಾಯಿ ಹಚ್ಚಿದೆ.

1978-79ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಮತ್ತು ಡಾ. ಹೆಕ್ಟರ್ ಮಾರ್ಟಿನೆಜ್ ಕಾವುಪೆಟ್ಟಿಗೆ ಸಾಲದೆ, ಆಯಿ ಮಾಡಿದ್ದನ್ನೇ ಶುರುಮಾಡಿದ್ದರು. ಅದಕ್ಕೆ ಕಾಂಗರೂ ತಾಯಿ ಆರೈಕೆ ಎಂದು ಹೆಸರು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಸರಕಾರದ ಜೊತೆ ಸೇರಿ, ದವಾಖಾನೆಯಿಂದ ಮನೆಯ ತನಕ ಇದನ್ನು ಹೇಗೆ ರೂಢಿ ಮಾಡಿಸಬಹುದೆಂದು ಕೆಲಸ ಮಾಡಿದ್ದಾರೆ. ದೆಹಲಿ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡ ಸಣ್ಣ ಕೂಸುಗಳಲ್ಲಿ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿದಿತ್ತು. ಆಯಿ ಇದನ್ನೆಲ್ಲ ಕೇಳದೆಯೇ ಹೋದಳು.

ನೀನು ಉಳಿದೆ. ಊರವರು ಅದನ್ನು ದೇವರ ಆಟ ಎಂದರು. ನಿನ್ನ ಅವ್ವನ ಪಾಲಿಗೆ ಮಾತ್ರ ಬೇರೆ ಮಾತು ಉಳಿಯಿತು. ಗಂಡನ ಮನೆಯಲ್ಲಿ “ಗ್ರಹಣದಾಗ ಹೊರಗ ಬಿದ್ದಾಕಿ,” ಇಲ್ಲಿ ತವರಿನಲ್ಲಿ “ಹಿಂದಿನ ಸೀಟಿನ್ಯಾಗ ಕುಂತ ಬಂದಾಕಿ.” ಯಾವ ಬಸುರಿ ಊರಿಗೆ ಹೊರಟರೂ ಅವಳ ಹೆಸರೇ ಉದಾಹರಣೆ. ಅಕ್ಕ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು.

ಎರಡು ವರ್ಷದ ಮೇಲೆ ನಾನು ನರ್ಸಿಂಗ್ ತರಬೇತಿಗೆ ಸೇರಿದೆ. ಒಂದು ಮಧ್ಯಾಹ್ನ ಪಾಠದಲ್ಲಿ ಬಸುರಿಯರ ಮೂತ್ರದ ಸೋಂಕಿನ ವಿಷಯ ಬಂತು. ಉರಿ, ಪದೇ ಪದೇ ಹೋಗಬೇಕೆನ್ನಿಸುವುದು. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಸೋಂಕು ಮೇಲಕ್ಕೇರಿ ಜ್ವರ ಬರಬಹುದು. ಸೋಂಕಿನ ಜೊತೆ ಮೈ ಹೋರಾಡುವಾಗ ಹುಟ್ಟುವ ರಸಗಳೇ ಗರ್ಭಕೋಶವನ್ನು ಕುಗ್ಗಿಸುತ್ತವೆ, ನೀರಿನ ಚೀಲದ ಪೊರೆಯನ್ನು ಸಡಿಲಿಸುತ್ತವೆ, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು. ಬಚ್ಚಲ ಉಗಿ, ಅಕ್ಕನ ಬೆನ್ನು, ಆ ಸಣ್ಣ ದನಿ. ಒಂದು ಮಾತನ್ನು ನರ್ಸಬಾಯಿಯ ಕಿವಿಗೆ ಹಾಕಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ ಒಂದು ವಾರದ ಗುಳಿಗೆ ಕೊಡುತ್ತಿದ್ದರು. ಜೀರಿಗೆ ನೀರು ಕೊಟ್ಟವಳು ನಾನು.

ಇಲ್ಲಿಗೆ ಬಂದಾಗ ನನ್ನ ದನಿ ಸ್ವಲ್ಪ ನಡುಗಿತು. ಅಕ್ಕನ ಕಡೆ ನೋಡಲು ಧೈರ್ಯವಾಗಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಬಿದ್ದ ಸದ್ದು ಕೇಳಿ ಮುಂದುವರಿಸಿದೆ.

ಕೆಲಸಕ್ಕೆ ಸೇರಿದ ಮೇಲೆ ಬೈಲಹೊಂಗಲ, ಸವದತ್ತಿ ಕಡೆಯ ಉಪಕೇಂದ್ರಗಳಲ್ಲಿ ಇದ್ದೆ. ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ: ಬಸಿರು-ಬಾಣಂತನದ ಬಗ್ಗೆ ಜಗತ್ತು ಇಂದು ತಿಳಿದುಕೊಂಡಿರುವ ಕೆಲವು ಮಾತುಗಳು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಹೋದವು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಸಂಶೋಧಕರೊಡನೆ ಸೇರಿ, ಹಳ್ಳಿಯ ಬಸುರಿಯರ ಹೆಸರು ಮೊದಲಿನಿಂದ ಬರೆದುಕೊಂಡು ಹೆರಿಗೆಯಾಗಿ ಆರು ವಾರದ ತನಕ ಬಿಡದೆ ಕೇಳಿ ದಾಖಲಿಸುವ ದೊಡ್ಡ ಕೆಲಸ ಕಟ್ಟಿದರು.

ಅದರಲ್ಲಿ ಒಂದು ಪ್ರಯೋಗ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ದಿನ ತುಂಬದೆ ಹೆರುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಸೂಜಿ ಕೊಟ್ಟರೆ ಕೂಸಿನ ಪುಪ್ಪುಸ ಬೇಗ ಬಲಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದು ಎಂದೋ ಸಾಬೀತಾದ ಮಾತು. ಹಳ್ಳಿಯಲ್ಲೂ ಕೊಟ್ಟರೆ? 2011ರಿಂದ ಬೆಳಗಾವಿ, ನಾಗಪುರ ಸೇರಿ ಆರು ದೇಶಗಳಲ್ಲಿ ನೋಡಿದರು. ಮುಟ್ಟಿನ ದಿನ ಗೊತ್ತಿಲ್ಲದ ಹೆಂಗಸಿಗೆ ಬಣ್ಣದ ಪಟ್ಟಿಗಳಿರುವ ಒಂದು ಟೇಪು. ಅದನ್ನು ಹೊಟ್ಟೆಯ ಮೇಲೆ ಹಿಡಿದರೆ ಗರ್ಭಕೋಶದ ಎತ್ತರ ಯಾವ ಬಣ್ಣಕ್ಕೆ ಬಂತೆಂಬುದರ ಮೇಲೆ ವಾರದ ಅಂದಾಜು. ಫಲಿತಾಂಶ ಬಂದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ತೀರ ಸಣ್ಣ ಕೂಸುಗಳಿಗೆ ಲಾಭವಾಗಲಿಲ್ಲ; ಒಟ್ಟು ಕೂಸುಗಳಲ್ಲಿ ಸಾವು ಸಾವಿರಕ್ಕೆ ಮೂರೂವರೆಯಷ್ಟು ಹೆಚ್ಚಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು. ಸೂಜಿ ಪಡೆದ ನೂರು ತಾಯಂದಿರಲ್ಲಿ ನಿಜವಾಗಿ ತೀರ ಸಣ್ಣ ಕೂಸು ಹೆತ್ತವರು ಹದಿನಾರರಷ್ಟು ಮಾತ್ರ. ಉಳಿದವರಿಗೆ ಬೇಡದ ಔಷಧ ಹೋಗಿತ್ತು. ವಾರ ಗೊತ್ತಿಲ್ಲದೆ ಕೊಟ್ಟ ಒಳ್ಳೆಯ ಔಷಧವೂ ಹೀಗಾಗಬಹುದು ಎಂದು ಮುಚ್ಚಿಡದೆ ಲೋಕಕ್ಕೆ ಹೇಳಿದರು. ನನಗೆ ಅವರ ಮೇಲಿನ ಗೌರವ ಅಂದು ಇಮ್ಮಡಿಯಾಯಿತು. ಮುಂದೆ ಅದೇ ಬೆಳಗಾವಿ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮತ್ತೆ ನೋಡಿತು. ಈ ಸಲ ವಾರವನ್ನು ಸ್ಕ್ಯಾನಿಂಗ್‌ನಿಂದ ಖಾತ್ರಿ ಮಾಡಿಕೊಂಡಿದ್ದರು, ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇತ್ತು. ಬೇಗ ಹುಟ್ಟಿದ ಕೂಸುಗಳ ಸಾವು ಆಗ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು.

ಆಮೇಲೆ ಬಂದದ್ದು ಆಸ್ಪಿರಿನ್. ಚೊಚ್ಚಲ ಬಸುರಿಯರಿಗೆ ದಿನಕ್ಕೊಂದು 81 ಮಿಲಿಗ್ರಾಮಿನ ಸಣ್ಣ ಗುಳಿಗೆ, ಅರ್ಧ ಜನಕ್ಕೆ ಔಷಧವಿಲ್ಲದ ಅಂಥದೇ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು. 2016ರಿಂದ 2018ರ ತನಕ ಆರು ದೇಶಗಳಲ್ಲಿ 11,976 ಹೆಂಗಸರು ಸೇರಿದರು. ನಮ್ಮ ದೇಶದಿಂದ ಬೆಳಗಾವಿ ಮತ್ತು ನಾಗಪುರದ ಹೆಣ್ಣುಮಕ್ಕಳು. ಕಷ್ಟವೆಂದರೆ ಗುಳಿಗೆ ಆರನೆಯ ವಾರದಿಂದ ಹದಿನಾಲ್ಕು ತುಂಬುವುದರೊಳಗೆ ಶುರುವಾಗಬೇಕು, ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಬಸಿರಿನ ಮಾತೇ ಎತ್ತುವುದಿಲ್ಲ, ಕಣ್ಣು ಬೀಳುತ್ತದೆಂದು. ನನಗೆ ಒಬ್ಬ ಅತ್ತೆಯ ನೆನಪಿದೆ. ಸೊಸೆಯನ್ನು ಒಳಗೇ ಕೂರಿಸಿ, ಬಾಗಿಲಿಗೆ ಅಡ್ಡ ನಿಂತು, “ನಮ್ಮ ಮನ್ಯಾಗ ಯಾರೂ ಇಲ್ರಿ ಬಾಯಾರ” ಎಂದವರು. ಆ ಹುಡುಗಿಗೆ ಮೂತ್ರದ ಉರಿ ಇದೆಯೇ, ತಲೆನೋವು ಇದೆಯೇ ಎಂದು ಕೇಳಲಷ್ಟೇ ಬಂದೆ ಎಂದೆ. ಒಂದು ಕ್ಷಣ ತಡೆದು ದಾರಿ ಬಿಟ್ಟರು. ತಿಂಗಳು ಕಳೆದ ಮೇಲೆ ಹೋದಾಗ ಅದೇ ಅತ್ತೆ ಗೋಡೆಯ ತೂಗುಪಂಚಾಂಗದ ಮೇಲೆ ದಿನಕ್ಕೊಂದು ಕುಂಕುಮದ ಬೊಟ್ಟು ಇಟ್ಟು ಸೊಸೆಯ ಗುಳಿಗೆ ಎಣಿಸಿದ್ದರು.

2020ರ ಜನವರಿಯಲ್ಲಿ ಫಲಿತಾಂಶ ಬಂತು. 37 ವಾರಕ್ಕೆ ಮೊದಲು ಹೆತ್ತವರು ನೂರಕ್ಕೆ 13.1 ಇದ್ದದ್ದು 11.6 ಆಯಿತು, 34 ವಾರಕ್ಕೂ ಮೊದಲು ಹೆತ್ತವರು 4ರಿಂದ 3.3ಕ್ಕೆ ಇಳಿದರು. ಸಣ್ಣ ಸಂಖ್ಯೆ ಅನ್ನಿಸಬಹುದು. ಜಗತ್ತಿನಲ್ಲಿ 2020ರಲ್ಲಿ ಬೇಗ ಹುಟ್ಟಿದ ಕೂಸುಗಳು 1 ಕೋಟಿ 34 ಲಕ್ಷ, ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು ಎಂಬ ಅಂದಾಜನ್ನು ಪಕ್ಕಕ್ಕಿಟ್ಟು ನೋಡಿದರೆ ಎಷ್ಟು ತೊಟ್ಟಿಲು ಎಂದು ತಿಳಿಯುತ್ತದೆ. ಮಾಸಿಗೆ ರಕ್ತ ಸರಿಯಾಗಿ ಹರಿಯದೆ ಬಿಪಿ ಏರುವುದು ಬೇಗ ಹೆರಲು ಒಂದು ಕಾರಣ. ಆಸ್ಪಿರಿನ್ ಅಲ್ಲಿ ಕೈ ಹಿಡಿಯುತ್ತದೆಂದು ತಿಳಿದವರ ಅಭಿಪ್ರಾಯ. ಇದು ವೈದ್ಯರು ನೋಡಿ ಕೊಡಬೇಕಾದ ಗುಳಿಗೆ, ಅಂಗಡಿಯಲ್ಲಿ ಕೇಳಿ ತಿನ್ನುವಂಥದಲ್ಲ.

ಹರಿಯಾಣದ ಗುರುಗ್ರಾಮದ ಸರಕಾರಿ ಆಸ್ಪತ್ರೆಯಲ್ಲಿ 2015ರಿಂದ ‘ಗರ್ಭಿಣಿ’ ಎಂಬ ಅಧ್ಯಯನ ನಡೆದಿದೆ, ಸಾವಿರಾರು ಬಸುರಿಯರನ್ನು ಮೊದಲ ವಾರಗಳಿಂದ ನೋಡುತ್ತ ಬಂದದ್ದು. ಅವರ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದೇ ಹೆಂಗಸರು, ಅದೇ ಹೆರಿಗೆಗಳು. ವಾರ ಎಣಿಸುವ ಸೂತ್ರ ಬದಲಿಸಿದರೆ ಬೇಗ ಹುಟ್ಟಿದವರ ಪ್ರಮಾಣ ನೂರಕ್ಕೆ 11ರಿಂದ 16ರ ತನಕ ಹೊಯ್ದಾಡುತ್ತದೆ. ಬಿಳಿಯರ ನಾಡಿನ ಕೂಸುಗಳ ಅಳತೆಯಿಂದ ಮಾಡಿದ ಸೂತ್ರ ನಮ್ಮ ಕೂಸುಗಳಿಗೆ ಪೂರಾ ಹೊಂದುವುದಿಲ್ಲವೆಂದು ಫರೀದಾಬಾದಿನ ಸಂಶೋಧಕರೂ ಮದ್ರಾಸ್ ಐಐಟಿಯವರೂ ಸೇರಿ ನಮ್ಮದೇ ಸೂತ್ರ ಕಟ್ಟಿದ್ದಾರೆ. ಕಾರಣ ಹುಡುಕುವ ಮೊದಲು ಎಣಿಸಲು ಕಲಿಯಬೇಕು. ಅದಕ್ಕೇ ನಾನು ಯಾವ ಮನೆಗೆ ಹೋದರೂ ಕೊನೆಯ ಮುಟ್ಟಿನ ದಿನ ಕೇಳುತ್ತೇನೆ. ತಾರೀಖು ಬರದಿದ್ದರೆ ಹಬ್ಬ ಕೇಳುತ್ತೇನೆ, ಅವತ್ತು ಅಡುಗೆಮನೆಗೆ ಹೋಗಿದ್ದೆಯಾ ಎಂದು ಕೇಳುತ್ತೇನೆ. ಬಾಯಿ ತಾನಾಗಿ ಬಿಡುತ್ತಾರೆ.

“ಹಂಗಾರ ನನ್ನ ಕಾರ್ಡಿನ್ಯಾಗ ಯಾಕ ಬರಕೊಂಡ್ರು?” ಹುಡುಗಿ ಮತ್ತೆ ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ. ಬೇಗ ಹುಟ್ಟಿದವಳು ತಾನು ಹೆರುವಾಗ ಬೇಗ ಹೆರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು, ಸ್ವಲ್ಪ ಮಾತ್ರ. ಅದಕ್ಕಿಂತ ಗಟ್ಟಿಯಾದವು ಬೇರೆ ಇವೆ: ಹಿಂದೊಮ್ಮೆ ಬೇಗ ಹೆತ್ತಿರುವುದು, ಅವಳಿ, ಬಿಪಿ, ಸಕ್ಕರೆ, ಸೋಂಕು. ರಕ್ತ ಕಡಿಮೆ ಇರುವುದು, ಹೆರಿಗೆಯ ನಡುವೆ ಅಂತರ ಸಾಲದಿರುವುದು, ಮೈಯಲ್ಲಿ ಕಸುವಿಲ್ಲದೆ ಬಸುರಾಗುವುದು. ಹಲ್ಲಿಗೆ ಮಿಶ್ರಿ ತಿಕ್ಕುವುದು, ತಂಬಾಕು ಅಗಿಯುವುದು ಕೂಡ. ಮುಂಬಯಿಯಲ್ಲಿ 1,217 ಹೆಂಗಸರನ್ನು ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸಿದವರ ಕೂಸು ಸರಾಸರಿ ಆರು ದಿನ ಮೊದಲೇ ಹುಟ್ಟಿತ್ತು, ತೂಕ 105 ಗ್ರಾಮು ಕಡಿಮೆ ಇತ್ತು. ಇಷ್ಟೆಲ್ಲ ಆದರೂ ಎಷ್ಟೋ ತಾಯಂದಿರಲ್ಲಿ ಇದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ಯಾವ ವೈದ್ಯರಿಗೂ ಆಗುವುದಿಲ್ಲ. “ಬರಕೊಂಡದ್ದು ನಿನ್ನ ಮ್ಯಾಲೆ ಒಂದ ಕಣ್ಣ ಹೆಚ್ಚಿಗಿ ಇಡಾಕ, ತಂಗಿ. ಹೆದರಿಸಾಕಲ್ಲ.”

ಉರಿ ಇಳಿದಿತ್ತು. ರೊಟ್ಟಿ ತಟ್ಟುವ ಸದ್ದು ಯಾವಾಗಲೋ ನಿಂತಿದ್ದು ನನಗೆ ಆಗ ಗೊತ್ತಾಯಿತು. ಅಕ್ಕ ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

“ಬಸ್ಸಿಂದಲ್ಲೇನು?” ಎಂದಳು.

“ಬಸ್ಸಿಂದಲ್ಲಕ್ಕಾ.”

“ಗ್ರಹಣದಿಂದ?”

“ಗ್ರಹಣದಿಂದೂ ಅಲ್ಲ. ನೀ ಅವತ್ತ ಎದ್ದು ಹೋಗಿದ್ದು ಉರಿ ಇತ್ತಂತ. ಉರಿ ಇತ್ತಂತನ ನೀರ ಮದಲ ಹೋಗಿರಬೇಕು. ನನ್ನ ಮುಂದ ಹೇಳಿದ್ದಿ. ನಾ ಯಾರ ಮುಂದೂ ಹೇಳಲಿಲ್ಲ.”

ಅಕ್ಕ ಬಹಳ ಹೊತ್ತು ಬೆಂಕಿ ನೋಡಿದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ, “ನೀನೂ ಇಷ್ಟ ವರ್ಷ ಇದನ್ನ ಇಟಗೊಂಡಿದ್ದೇನ ಹುಚ್ಚೀ” ಎಂದಳು. ಆಮೇಲೆ ಸರಿದು ಮಗಳ ಹತ್ತಿರ ಹೋದಳು. ಹಿಟ್ಟು ಮೆತ್ತಿದ ಬೆರಳಿನಿಂದಲೇ ಅವಳ ಗದ್ದ ಹಿಡಿದು ಮುಖ ಮೇಲೆತ್ತಿದಳು.

“ಕಾಲ್ಮಡಿಗೆ ಹೋದಾಗ ಉರಿತೈತೇನು? ನಾಚಬ್ಯಾಡ, ನನ್ನ ಮುಂದ ಹೇಳು.”

“ಇಲ್ಲ ಯವ್ವಾ.”

“ತಲಿನೋವು? ಕಣ್ಣಿಗೆ ಕತ್ತಲಿ ಬಂದಂಗ? ಕಾಲು ಬಾತಾವೇನು, ತೋರಸು ಇಲ್ಲಿ.”

ಹುಡುಗಿ ಸೀರೆಯ ಅಂಚು ಸರಿಸಿ ಕಾಲು ಚಾಚಿದಳು. ಅಕ್ಕ ಹಿಮ್ಮಡಿಯ ಮೇಲೆ ಹೆಬ್ಬೆರಳು ಒತ್ತಿ, ತೆಗೆದು, ಕುಳಿ ಬೀಳುತ್ತದೆಯೋ ಎಂದು ಬೆಂಕಿಯ ಬೆಳಕಿಗೆ ಬಗ್ಗಿ ನೋಡಿದಳು. ಇನ್ನೊಂದು ಕಾಲನ್ನೂ ನೋಡಿದಳು. ಹೆಂಚಿನ ಮೇಲಿದ್ದ ರೊಟ್ಟಿ ಕರಿಕಾಗಿ ಹೊಗೆಯಾಡುತ್ತಿತ್ತು. ಮೂವರಲ್ಲಿ ಯಾರೂ ಅದನ್ನು ತೆಗೆಯಲು ಏಳಲಿಲ್ಲ.